ಕಾಂಗೋ ಬಿಕ್ಕಟ್ಟು (1960–61): ಒಂದು ವಿಧಿ, ಎರಡು ಮಹಾಶಕ್ತಿಗಳು

1960ರ ಜೂನ್ 30ರಂದು ಬೆಲ್ಜಿಯಂನ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಕಾಂಗೋ, ಮೂರು ತಿಂಗಳು ತುಂಬುವ ಮೊದಲೇ ತನ್ನ ಚುನಾಯಿತ ಸರ್ಕಾರವನ್ನು ಕಳೆದುಕೊಂಡಿತು. ಇದನ್ನು ಶೀತಲ ಸಮರದ ಒಂದು ಅಧ್ಯಾಯವೆಂದು ಬಣ್ಣಿಸುವುದು ವಾಡಿಕೆ. ಅದು ನಿಜವೇ ಆದರೂ, ಹೊರಗಿನ ಶಕ್ತಿಗಳು ಯಾವ ಬಾಗಿಲಿನಿಂದ ಒಳಬಂದವು ಎಂಬುದು ಆ ಬಣ್ಣನೆಯಿಂದ ತಿಳಿಯುವುದಿಲ್ಲ.

ಜುಲೈ 11ರಂದು ಖನಿಜಸಮೃದ್ಧ ಕಟಾಂಗ ಪ್ರಾಂತ್ಯವು ಬೆಲ್ಜಿಯಂನ ಬೆಂಬಲದಿಂದ ಪ್ರತ್ಯೇಕಗೊಂಡಿತು. ವಿಶ್ವಸಂಸ್ಥೆಯ ಪಡೆ ಅದನ್ನು ಬಲಪ್ರಯೋಗದಿಂದ ಅಡಗಿಸಲು ಒಪ್ಪದಿದ್ದಾಗ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಸೋವಿಯತ್ ವಿಮಾನಗಳ ನೆರವು ಪಡೆದರು. ಅಮೆರಿಕದ ದೃಷ್ಟಿಯಲ್ಲಿ ಅಷ್ಟೇ ಸಾಕಾಯಿತು. ಅವರನ್ನು ಕೊಲ್ಲಲು ಸಿಐಎ ವಿಷವನ್ನು ರವಾನಿಸಿತ್ತೆಂಬ ಸಂಗತಿ 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ವರದಿಯಿಂದಲೇ ಬೆಳಕಿಗೆ ಬಂದಿತು. ಆ ವಿಷ ಬಳಕೆಯಾಗಲಿಲ್ಲ. ಲುಮುಂಬಾ ಅವರ ಪತನಕ್ಕೆ ಅದು ಬೇಕಾಗಲೂ ಇಲ್ಲ.

ಹೊಸ ರಾಷ್ಟ್ರದ ತಾತ್ಕಾಲಿಕ ಸಂವಿಧಾನವಾದ ಮೂಲಭೂತ ಕಾನೂನು ಬೆಲ್ಜಿಯಂ ಸಂಸತ್ತಿನ ಕೃತಿ. ಅದರ 22ನೆಯ ವಿಧಿಯು ಪ್ರಧಾನಿಯನ್ನು ನೇಮಿಸುವ ಮತ್ತು ವಜಾಗೊಳಿಸುವ ಅಧಿಕಾರವನ್ನು ರಾಷ್ಟ್ರದ ಮುಖ್ಯಸ್ಥನಿಗೆ ನೀಡಿತ್ತು. ಬೆಲ್ಜಿಯಂನಲ್ಲಿ ದೊರೆಯ ಇಂಥ ಅಧಿಕಾರವನ್ನು ದೀರ್ಘಕಾಲದ ಸಂಪ್ರದಾಯ ಹದ್ದುಬಸ್ತಿನಲ್ಲಿ ಇಟ್ಟಿತ್ತು. ಅಕ್ಷರ ಕಾಂಗೋಕ್ಕೆ ಬಂದಿತು, ಸಂಪ್ರದಾಯ ಬರಲಿಲ್ಲ. ಸೆಪ್ಟೆಂಬರ್ 5ರ ರಾತ್ರಿ ಅಧ್ಯಕ್ಷ ಕಸವುಬು ಬಾನುಲಿಯಲ್ಲಿ ಲುಮುಂಬಾರ ವಜಾವನ್ನು ಘೋಷಿಸಿದರು. ಲುಮುಂಬಾ ಅದೇ ಬಾನುಲಿಯಲ್ಲಿ ಕಸವುಬು ಅವರನ್ನು ಪದಚ್ಯುತಗೊಳಿಸಿದರು. ಕೆಳಮನೆ ಎರಡೂ ಘೋಷಣೆಗಳನ್ನು ತಳ್ಳಿಹಾಕಿತು. ಮೇಲ್ಮನೆ 41–2 ಮತಗಳಿಂದ ಲುಮುಂಬಾರ ಪರ ನಿಂತಿತು.

ಆದರೆ ನಿರ್ಣಯ ಸಂಸತ್ತಿನಲ್ಲಿ ಆಗಲಿಲ್ಲ. ವಿಶ್ವಸಂಸ್ಥೆಯ ಹಂಗಾಮಿ ಪ್ರತಿನಿಧಿ, ಅಮೆರಿಕದ ಆಂಡ್ರ್ಯೂ ಕಾರ್ಡಿಯರ್, ವಿಮಾನ ನಿಲ್ದಾಣಗಳನ್ನೂ ಮರುದಿನ ರಾಜಧಾನಿ ಲಿಯೊಪೋಲ್ಡ್‌ವಿಲ್‌ನ ಬಾನುಲಿ ಕೇಂದ್ರವನ್ನೂ ಮುಚ್ಚಿಸಿದರು. ಮೇಲುನೋಟಕ್ಕೆ ಇದು ನಿಷ್ಪಕ್ಷಪಾತ ಕ್ರಮ. ಆದರೆ ನದಿಯಾಚೆಯ ಬ್ರಾಜವಿಲ್‌ನ ಬಾನುಲಿ ಕಸವುಬು ಅವರಿಗೆ ತೆರೆದೇ ಇತ್ತು. ಲುಮುಂಬಾರ ನಿಷ್ಠ ಸೈನಿಕರಾದರೋ ದೂರದ ಪ್ರಾಂತ್ಯಗಳಲ್ಲಿದ್ದು ವಿಮಾನವಿಲ್ಲದೆ ಬರುವಂತಿರಲಿಲ್ಲ. ಸೆಪ್ಟೆಂಬರ್ 14ರಂದು ಕರ್ನಲ್ ಮೊಬುಟು ಅಧಿಕಾರ ಹಿಡಿದರು. ಕಾರ್ಡಿಯರ್ ಅವರ ಸ್ಥಾನಕ್ಕೆ ಬಂದ ಭಾರತದ ರಾಜೇಶ್ವರ ದಯಾಳ್ ಮೊಬುಟು ಆಡಳಿತವನ್ನು ಮಾನ್ಯ ಮಾಡಲೊಪ್ಪದೆ ಅಮೆರಿಕದ ಅಸಮಾಧಾನಕ್ಕೆ ಗುರಿಯಾದರು. ನವೆಂಬರ್ 22ರಂದು ವಿಶ್ವಸಂಸ್ಥೆಯ ಮಹಾಸಭೆ 53–24 ಮತಗಳಿಂದ ಕಸವುಬು ನಿಯೋಗವನ್ನೇ ಅಂಗೀಕರಿಸಿತು. ಕಾಂಗೋದ ಸಂಸತ್ತು ಬಗೆಹರಿಸಬೇಕಿದ್ದ ಪ್ರಶ್ನೆಗೆ ಹೀಗೆ ನ್ಯೂಯಾರ್ಕಿನಲ್ಲಿ ಉತ್ತರ ದೊರೆಯಿತು.

ಐದು ದಿನಗಳ ತರುವಾಯ ಲುಮುಂಬಾ ರಾಜಧಾನಿಯಿಂದ ತಪ್ಪಿಸಿಕೊಂಡು, ಮಾರ್ಗಮಧ್ಯದಲ್ಲಿ ಸೆರೆಸಿಕ್ಕರು. 1961ರ ಜನವರಿ 17ರಂದು ಕಟಾಂಗದಲ್ಲಿ ಬೆಲ್ಜಿಯಂ ಅಧಿಕಾರಿಗಳ ಸಮಕ್ಷಮ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಮೊಬುಟು ಮುಚ್ಚಿಸಿದ್ದ ಸಂಸತ್ತು ಮತ್ತೆ ಸೇರಿದ್ದು ಅದೇ ವರ್ಷದ ಜುಲೈನಲ್ಲಿ, ವಿಶ್ವಸಂಸ್ಥೆಯ ಕಾವಲಿನಲ್ಲಿ.