ಸ್ಟೀವನ್‌ಟನ್ ಚರ್ಚಿನ ವಿವಾಹ ವಹಿ

ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಯಲ್ಲಿರುವ ಸ್ಟೀವನ್‌ಟನ್ ಒಂದು ಸಣ್ಣ ಕೃಷಿಗ್ರಾಮ. ಅಲ್ಲಿನ ಸೇಂಟ್ ನಿಕೋಲಸ್ ಚರ್ಚಿನಲ್ಲಿ 18ನೆಯ ಶತಮಾನದ ನಡುಭಾಗದಿಂದ 1812ರವರೆಗೆ ನಡೆದ ಮದುವೆಗಳ ವಹಿಯನ್ನು ಇಂದು ವಿಂಚೆಸ್ಟರ್ ನಗರದ ಕೌಂಟಿ ದಾಖಲೆ ಭಂಡಾರದಲ್ಲಿ ಕಾಪಾಡಿಡಲಾಗಿದೆ. ಒಂದು ಚರ್ಚಿಗೂ ಅದರ ಪಾದ್ರಿಗೂ ಒಳಪಟ್ಟ ಊರು-ಕೇರಿಗಳ ಘಟಕವನ್ನು ಪ್ಯಾರಿಷ್ ಎನ್ನುತ್ತಾರೆ. ಇಂಗ್ಲೆಂಡಿನ ಸಾವಿರಾರು ಪ್ಯಾರಿಷುಗಳಲ್ಲಿ ಪ್ರತಿಯೊಂದೂ ಇಂಥ ವಹಿಯನ್ನು ಇಡಲೇಬೇಕಾಗಿದ್ದುದರಿಂದ, ಅರಮನೆಯ ದಾಖಲೆಗಳಲ್ಲಿ ಎಲ್ಲಿಯೂ ಸುಳಿಯದ ಕೂಲಿಯಾಳು, ನೇಕಾರ, ಮನೆಗೆಲಸದವಳು ಮೊದಲಾದವರ ಹೆಸರುಗಳು ಅವುಗಳಲ್ಲಿ ಉಳಿದುಬಂದಿವೆ.

ಈ ಪದ್ಧತಿ ಆರಂಭವಾದದ್ದು 1538ರಲ್ಲಿ. ದೊರೆ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ, ಪ್ರತಿ ಪಾದ್ರಿಯೂ ವಾರದಲ್ಲಿ ನಡೆದ ಮದುವೆ, ದೀಕ್ಷಾಸ್ನಾನ ಮತ್ತು ಶವಸಂಸ್ಕಾರಗಳನ್ನು ಭಾನುವಾರದಂದು ಚರ್ಚಿನ ವಾರ್ಡನ್ನರ, ಅಂದರೆ ಊರವರೊಳಗಿಂದ ಆರಿಸಲ್ಪಟ್ಟ ಮೇಲ್ವಿಚಾರಕರ, ಸಮಕ್ಷಮದಲ್ಲಿ ಬರೆದು, ಎರಡು ಬೀಗಗಳ ಪೆಟ್ಟಿಗೆಯಲ್ಲಿ ಇಡಬೇಕಾಗಿತ್ತು. ತಪ್ಪಿದರೆ 3 ಷಿಲಿಂಗ್ 4 ಪೆನ್ನಿ ದಂಡ. ಇದು ಹೊಸ ತೆರಿಗೆಯ ಪೀಠಿಕೆಯೆಂದು ಜನ ಶಂಕಿಸಿದರು. ಫ್ರಾನ್ಸಿನೊಡನೆ ನಡೆಯುತ್ತಿದ್ದ ಯುದ್ಧದ ವೆಚ್ಚಕ್ಕಾಗಿ 1695ರಿಂದ ಜನನ, ಮದುವೆ, ಶವಸಂಸ್ಕಾರಗಳ ಮೇಲೆ ಕೆಲಕಾಲ ತೆರಿಗೆ ಬಿದ್ದುದನ್ನು ನೋಡಿದರೆ, ಆ ಶಂಕೆ ಒಂದೂವರೆ ಶತಮಾನ ತಡವಾಗಿಯಾದರೂ ನಿಜವಾಯಿತೆನ್ನಬೇಕು. 1598ರ ವೇಳೆಗೆ ಕಾಗದದ ಹಳೆಯ ವಹಿಗಳನ್ನು ಚರ್ಮಪತ್ರಕ್ಕೆ ನಕಲು ಮಾಡಿಸಲು ಆಜ್ಞೆಯಾಯಿತು. ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದ 1558ರಿಂದ ಈಚಿನದನ್ನಾದರೂ ಬರೆಯಿರಿ ಎಂಬ ಸಡಿಲಿಕೆ ಅದರಲ್ಲಿದ್ದುದರಿಂದ, ಅನೇಕ ಪ್ಯಾರಿಷುಗಳ ವಹಿ ಅದೇ ವರ್ಷದಿಂದ ತೊಡಗುತ್ತದೆ.

ಆರಂಭದ ನಮೂದುಗಳಲ್ಲಿ ಸಾಮಾನ್ಯವಾಗಿ ಎರಡು ಹೆಸರು ಮತ್ತು ಒಂದು ತಾರೀಖಿನ ಹೊರತು ಬೇರೇನೂ ಸಿಗುವುದಿಲ್ಲ. ಆ ತಾರೀಖನ್ನೂ ಎಚ್ಚರದಿಂದ ಓದಬೇಕು. 1752ಕ್ಕಿಂತ ಹಿಂದೆ ಇಂಗ್ಲೆಂಡಿನಲ್ಲಿ ಕಾನೂನಿನ ಹೊಸ ವರ್ಷ ಮಾರ್ಚ್ 25ರಂದು ಹುಟ್ಟುತ್ತಿದ್ದುದರಿಂದ, 1740ರ ಫೆಬ್ರುವರಿ ಎಂದು ಬರೆದ ಮದುವೆ ಇಂದಿನ ಲೆಕ್ಕಕ್ಕೆ 1741ರದ್ದಾಗುತ್ತದೆ.

ವಿವಾಹ ವಹಿಗೆ ನಿಜವಾದ ಮೈಕಟ್ಟು ಬಂದದ್ದು ಲಾರ್ಡ್ ಹಾರ್ಡ್‌ವಿಕ್ ತಂದ 1753ರ ಕಾಯ್ದೆಯಿಂದ. ಲಂಡನ್ನಿನ ಫ್ಲೀಟ್ ಸೆರೆಮನೆಯ ಸುತ್ತಮುತ್ತ ಹಣಕ್ಕಾಗಿ ಗುಟ್ಟಿನ ಮದುವೆ ಮಾಡಿಸುವ ಪಾದ್ರಿಗಳ ದಂಧೆಯನ್ನು ಅಡಗಿಸುವುದು ಅದರ ಗುರಿಗಳಲ್ಲೊಂದಾಗಿತ್ತು. 1754ರ ಮಾರ್ಚ್ 25ರಿಂದ, ಮೂರು ಭಾನುವಾರ ಚರ್ಚಿನಲ್ಲಿ ಸಾರಿ ಆಕ್ಷೇಪಕ್ಕೆ ಅವಕಾಶ ಕೊಡುವ ಬ್ಯಾನ್ಸ್ ಎಂಬ ಪ್ರಕಟಣೆ, ಇಲ್ಲವೇ ಬಿಷಪ್ಪರ ಕಚೇರಿಯ ಪರವಾನಗಿ, ಇವೆರಡರಲ್ಲಿ ಒಂದಿಲ್ಲದ ಮದುವೆ ಅಸಿಂಧುವಾಯಿತು. ಯೆಹೂದಿಗಳಿಗೂ ಕ್ವೇಕರ್ ಪಂಥದವರಿಗೂ ವಿನಾಯಿತಿ ದೊರೆತರೆ, ಕ್ಯಾಥೊಲಿಕರು ಆಂಗ್ಲಿಕನ್ ಚರ್ಚಿನ ಮುಂದೆಯೇ ನಿಲ್ಲಬೇಕಾಯಿತು. ಕಾಯ್ದೆ ಸ್ಕಾಟ್ಲೆಂಡಿಗೆ ಅನ್ವಯಿಸದ್ದರಿಂದ ಓಡಿಹೋಗುವ ಜೋಡಿಗಳಿಗೆ ಗಡಿಯಾಚೆಯ ಗ್ರೆಟ್ನಾ ಗ್ರೀನ್ ಹಳ್ಳಿ ಆಸರೆಯಾಯಿತು. ವಧೂವರರೂ ಇಬ್ಬರು ಸಾಕ್ಷಿಗಳೂ ವಹಿಯಲ್ಲಿ ರುಜು ಹಾಕಬೇಕೆಂಬ ನಿಯಮವೂ ಇದೇ ಕಾಯ್ದೆಯದು. ಬರಹ ಬಾರದವರು ಶಿಲುಬೆಯಾಕಾರದ ಗುರುತು ಹಾಕುತ್ತಿದ್ದರು.

ಸ್ಟೀವನ್‌ಟನ್ನಿನ ವಹಿ ಈ ಕಾಯ್ದೆಯ ನಂತರ ಬಂದ ಮುದ್ರಿತ ನಮೂನೆಯದು. 1761ರಿಂದ ಅಲ್ಲಿ ರೆಕ್ಟರ್, ಅಂದರೆ ಪ್ಯಾರಿಷಿನ ಮುಖ್ಯ ಪಾದ್ರಿ, ಆಗಿದ್ದವರು ಕಾದಂಬರಿಕಾರ್ತಿ ಜೇನ್ ಆಸ್ಟಿನ್ನಳ ತಂದೆ ಜಾರ್ಜ್ ಆಸ್ಟಿನ್. ಹೇಗೆ ತುಂಬಬೇಕೆಂದು ತೋರಿಸಲು ವಹಿಯಲ್ಲಿ ಅಚ್ಚಾಗಿದ್ದ ಮಾದರಿ ಪುಟದ ಖಾಲಿ ಜಾಗಗಳಲ್ಲಿ, ಹುಡುಗಿ ಜೇನ್ ತನ್ನದೇ ಮದುವೆಗಳನ್ನು ಕಲ್ಪಿಸಿ ಬರೆದಳು: ಬ್ಯಾನ್ಸ್‌ಗೆ ಲಂಡನ್ನಿನ ಹೆನ್ರಿ ಫ್ರೆಡರಿಕ್ ಹೋವರ್ಡ್ ಫಿಟ್ಸ್‌ವಿಲಿಯಮ್, ಮದುವೆಗೆ ಲಿವರ್‌ಪೂಲಿನ ಎಡ್ಮಂಡ್ ಆರ್ಥರ್ ವಿಲಿಯಮ್ ಮಾರ್ಟಿಮರ್, ಕೊನೆಗೆ ಉದ್ದನೆಯ ಹೆಸರಿನ ಗೊಡವೆಯೇ ಇಲ್ಲದ ಜ್ಯಾಕ್ ಸ್ಮಿತ್. ಮುಂದೆ 1813ರಲ್ಲಿ ಪ್ರಕಟವಾದ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಕಾದಂಬರಿಯ ನಾಯಕ ಡಾರ್ಸಿಗೂ ಫಿಟ್ಸ್‌ವಿಲಿಯಮ್ ಎಂಬ ಹೆಸರೇ ಬಂದಿತು. ಸರಕಾರಿ ನಮೂನೆಯ ಒಣ ಭಾಷೆಯಲ್ಲೇ ಹಾಸ್ಯವಡಗಿದೆಯೆಂದು ಅಷ್ಟು ಎಳೆಯ ವಯಸ್ಸಿನಲ್ಲಿ ಕಂಡುಕೊಂಡದ್ದು ಸಾಮಾನ್ಯವಲ್ಲ. ಆಕೆ ಕೊನೆಯವರೆಗೂ ಮದುವೆಯಾಗಲಿಲ್ಲ. 1792ರ ಡಿಸೆಂಬರಿನಲ್ಲಿ ಅದೇ ಚರ್ಚಿನಲ್ಲಿ ನಡೆದ ಸೋದರಸಂಬಂಧಿ ಜೇನ್ ಕೂಪರ್‌ಳ ಮದುವೆಗೆ ಮಾತ್ರ ಅಕ್ಕ ಕಸಾಂಡ್ರಳೊಡನೆ ಸಾಕ್ಷಿಯಾಗಿದ್ದಳು.

ಇತಿಹಾಸಕಾರರಿಗೆ ಇಂಥ ಕುತೂಹಲಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ರುಜುಗಳ ಸಾಲು. ಅವರಲ್ಲೊಬ್ಬರಾದ ರೋಜರ್ ಸ್ಕೋಫೀಲ್ಡ್ ಅನೇಕ ಪ್ಯಾರಿಷುಗಳ ರುಜು ಮತ್ತು ಗುರುತುಗಳನ್ನು ಎಣಿಸಿ, 18ನೆಯ ಶತಮಾನದ ನಡುವೆ ಹೆಸರು ಬರೆಯಬಲ್ಲ ವರರು ಶೇಕಡ 60ರಷ್ಟಿದ್ದರೆ ವಧುಗಳು 40ಕ್ಕೂ ಕಡಿಮೆಯೆಂದು ತೋರಿಸಿದರು. ವಹಿ ಕೇಳದೆ ಬಿಟ್ಟ ವಯಸ್ಸನ್ನು, ಅದೇ ವ್ಯಕ್ತಿಯ ದೀಕ್ಷಾಸ್ನಾನದ ನಮೂದಿಗೆ ಮದುವೆಯ ನಮೂದನ್ನು ಹೊಂದಿಸಿ ತಿಳಿಯುವ ವಿಧಾನಕ್ಕೆ ಕುಟುಂಬ ಪುನಾರಚನೆ ಎನ್ನಬಹುದು. 1964ರಲ್ಲಿ ಕೇಂಬ್ರಿಜ್‌ನಲ್ಲಿ ಸ್ಥಾಪಿತವಾದ ಜನಸಂಖ್ಯಾ ಇತಿಹಾಸದ ಸಂಶೋಧನಾ ತಂಡ ಈ ವಿಧಾನವನ್ನು ಬಳಸಿ, 17ನೆಯ ಶತಮಾನದ ಇಂಗ್ಲಿಷ್ ಹೆಣ್ಣುಮಕ್ಕಳು ಸರಾಸರಿ 25 ದಾಟಿದ ಮೇಲೆ ಮದುವೆಯಾಗುತ್ತಿದ್ದರೆಂದು ಸಾಬೀತುಪಡಿಸಿತು. ಹದಿಹರೆಯದಲ್ಲೇ ಎಲ್ಲರ ಮದುವೆ ಮುಗಿಯುತ್ತಿತ್ತೆಂಬ ಜನಪ್ರಿಯ ಊಹೆಗೆ ಇದು ತೀರ ವಿರುದ್ಧ.

ವಯಸ್ಸಿನ ಜತೆಗೆ ವೃತ್ತಿ, ತಂದೆಯ ಹೆಸರು ಮತ್ತು ತಂದೆಯ ವೃತ್ತಿಯ ಅಂಕಣಗಳು ಕಾಣಿಸಿಕೊಂಡದ್ದು ನಾಗರಿಕ ನೋಂದಣಿ ಆರಂಭವಾದ 1837ರ ಜುಲೈನಲ್ಲಿ. ತಾಯಂದಿರ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಆ ಲೋಪ ಸರಿಹೋದದ್ದು 2021ರ ಮೇ 4ರಂದು. ಅದೇ ದಿನದಿಂದ ಚರ್ಚಿನ ವಹಿಯಲ್ಲಿ ಬರೆಯುವ ಪದ್ಧತಿ ನಿಂತು, ಸಹಿ ಹಾಕಿದ ಒಂದೇ ಹಾಳೆಯನ್ನು ನೋಂದಣಿ ಕಚೇರಿಗೆ ಕಳುಹಿಸಿ ಗಣಕಯಂತ್ರದಲ್ಲಿ ದಾಖಲಿಸುವ ಕ್ರಮ ಬಂದಿತು.