ಜೇನಿನ ಒಂದು ಕಡಿತ, ಸೋರುವ ರಕ್ತನಾಳ

ಜೇನು ಕಡಿದ ಜಾಗ ಊದಿಕೊಳ್ಳುವುದು ಸಹಜ. ಆದರೆ ಕೆಲವರಿಗೆ ನಿಮಿಷಗಳಲ್ಲಿಯೇ ಮೈಯೆಲ್ಲ ಪಿತ್ತದ ಗಂಧೆಗಳೆದ್ದು, ಉಸಿರು ಕಟ್ಟಿ, ಪ್ರಜ್ಞೆ ತಪ್ಪುತ್ತದೆ. ಇದೇ ಅನಾಫಿಲಾಕ್ಸಿಸ್ ಎಂಬ ತೀವ್ರ ಅಲರ್ಜಿ. ಶೇಂಗಾ, ಪೆನ್ಸಿಲಿನ್‌ಗಳಿಂದಲೂ ಇದು ಸಂಭವಿಸಬಹುದು.

ಚರ್ಮ, ಶ್ವಾಸಮಾರ್ಗ, ಕರುಳುಗಳಲ್ಲಿ ರಕ್ತನಾಳಗಳ ಪಕ್ಕದಲ್ಲಿಯೇ ಮಾಸ್ಟ್ ಕೋಶಗಳೆಂಬ ಕಾವಲುಗಾರರಿವೆ. 1878ರಲ್ಲಿ ಇವುಗಳಿಗೆ ಈ ಹೆಸರಿಟ್ಟವರು ಜರ್ಮನಿಯ ಪಾಲ್ ಎರ್ಲಿಚ್. ಹಿಂದೊಮ್ಮೆ ದೇಹ ಹೊಕ್ಕ ವಿಷವನ್ನು ಗುರುತಿಸುವ ಐಜಿಇ ಪ್ರತಿಕಾಯಗಳು ಈ ಕೋಶಗಳಿಗೆ ಅಂಟಿಕೊಂಡಿರುತ್ತವೆ. ಅದೇ ವಿಷ ಮತ್ತೆ ಬಂದೊಡನೆ ಕೋಶಗಳು ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಹೊರಚೆಲ್ಲುತ್ತವೆ. ರಕ್ತನಾಳದ ಒಳಪದರದ ಕೋಶಗಳನ್ನು ಬೆಸೆದಿರುವ ವಿಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನಿನ ಹಿಡಿತ ಆಗ ಸಡಿಲಗೊಳ್ಳುತ್ತದೆ. ಗಾರೆ ಬಿಟ್ಟ ತೊಟ್ಟಿಯಂತೆ ನಾಳವು ಸೋರುತ್ತದೆ. ರಕ್ತದ ದ್ರವಾಂಶದಲ್ಲಿ ಸುಮಾರು ಮೂರನೆಯ ಒಂದು ಭಾಗವು 10 ನಿಮಿಷಗಳಲ್ಲಿ ಹೊರಹೋಗಿ, ರಕ್ತದೊತ್ತಡ ಕುಸಿಯಬಹುದು.

ಹಿಂದೊಮ್ಮೆ ಹೆಜ್ಜೇನು ಕಡಿದ ರೈತರೊಬ್ಬರನ್ನು, ಸುಣ್ಣ ಹಚ್ಚಿ, ನಮ್ಮಲ್ಲಿಗೆ ಕರೆತಂದಿದ್ದರು. ಸಾಮಾನ್ಯ ಶೀತಪಿತ್ತಕ್ಕೆ ನಾವು ಹರಿದ್ರಾಖಂಡ ಕೊಡುವುದುಂಟು; ಅಂದು ಕೊಡಲಿಲ್ಲ. ತಡಮಾಡದೆ ಆಸ್ಪತ್ರೆಗೆ ಸಾಗಿಸಿದೆವು. ಅಡ್ರಿನಲಿನ್ ಚುಚ್ಚುಮದ್ದಿನಿಂದ ಅವರು ಬದುಕಿದರು. ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಈ ಔಷಧವು ನಾಳಗಳನ್ನು ಬಿಗಿಗೊಳಿಸಿ, ಶ್ವಾಸಮಾರ್ಗವನ್ನು ತೆರೆಯುತ್ತದೆ. ಇಂತಹ ಸಮಯದಲ್ಲಿ ಕಷಾಯ, ಲೇಪಗಳು ಇದಕ್ಕೆ ಬದಲಿಯಲ್ಲ.

ಆದುದರಿಂದ ಓದುಗರಲ್ಲಿ ನಮ್ಮ ವಿನಂತಿ: 108ಕ್ಕೆ ಕರೆಮಾಡಿರಿ. ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರಿಸಿರಿ, ಉಸಿರಾಟ ಕಷ್ಟವಾದರೆ ಕುಳ್ಳಿರಿಸಿರಿ, ನಡೆಸಬೇಡಿರಿ. ಚೇತರಿಸಿಕೊಂಡರೂ ಕೆಲವು ಗಂಟೆ ಆಸ್ಪತ್ರೆಯಲ್ಲಿಯೇ ಇರಲಿ, ಲಕ್ಷಣಗಳು ಮರುಕಳಿಸಬಹುದು.