ಹಳೆಯ ರಥಕ್ಕೆ ಹೊಸ ಪಾದ

ದಾವಣಗೆರೆಯ ಪಿ. ಬಿ. ರಸ್ತೆಯಲ್ಲಿ ಸಂಜೆಯ ಹೊತ್ತು. ನೆಲಕ್ಕೆ ಅಂಟಿಕೊಂಡಂತೆ ತಗ್ಗಾದ, ಇಬ್ಬರಿಗೆ ಮಾತ್ರ ಆಸನವುಳ್ಳ, ಮೇಲ್ಛಾವಣಿ ತೆರೆದ ಕೆಂಪು ಕಾರೊಂದು ಹರಿಹರದ ಕಡೆಯಿಂದ ಬಂದು ದೋಸೆಯಂಗಡಿಯ ಮುಂದೆ ನಿಂತಿತೆಂದು ಭಾವಿಸೋಣ. ಕ್ಷಣಾರ್ಧದಲ್ಲಿ ಸುತ್ತಲೂ ಜನ ನೆರೆಯುತ್ತಾರೆ. ಒಬ್ಬರು ಬಣ್ಣವನ್ನು ಹೊಗಳುತ್ತಾರೆ. ಇನ್ನೊಬ್ಬರು ಎಂಜಿನಿನ ಧ್ವನಿಗೆ ಕಿವಿಗೊಡುತ್ತಾರೆ. ಮತ್ತೊಬ್ಬರು ಬೆಲೆಯನ್ನು ವಿಚಾರಿಸುತ್ತಾರೆ. ಬಗ್ಗಿ ಅದರ ಟೈರನ್ನು ನೋಡುವವರು ಮಾತ್ರ ಯಾರೂ ಇಲ್ಲ. ಕೊಂಡವನಾದರೂ ನೋಡಿರುವನೇ? ಅವನ ಪ್ರಾಣ ಆ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ಇಂಥ ಕಾರುಗಳು ಕನ್ನಡ ನಾಡಿಗೆ ತೀರ ಅಪರಿಚಿತವಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟರ್ಸ್ ಸಂಸ್ಥೆಯು ‘ಸ್ಟಾರ್ಮ್’ ಎಂಬ ಎರಡು ಆಸನಗಳ ಕಾರನ್ನು ಹೊರತಂದಿತು. ಅದರ ಮೈ ಫೈಬರ್ ಗ್ಲಾಸಿನದು. ಎಂಜಿನು ಫ್ರಾನ್ಸಿನ ರೆನೊ ಕಂಪೆನಿಯ 1.2 ಲೀಟರಿನದು. ಅದರ ತಯಾರಿಕೆ ನಿಂತು ವರ್ಷಗಳೇ ಸಂದಿವೆ. ಇಂದು ಬೇಕೆಂದವರಿಗೆ ಸೆಕೆಂಡ್ ಹ್ಯಾಂಡ್ ಕಾರೇ ಗತಿ. ಇಂಗ್ಲೆಂಡಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ. ಜಿ. ಬಿ.ಯಂಥ ಕಾರುಗಳನ್ನಂತೂ ಹವ್ಯಾಸಿಗಳು ಮಕ್ಕಳಂತೆ ಕಾಪಾಡಿಕೊಂಡು ಬಂದಿದ್ದಾರೆ. ಇಂಥ ವಾಹನಗಳು ದಿನನಿತ್ಯ ಓಡುವುದಿಲ್ಲ. ವರ್ಷದ ಬಹುಭಾಗವನ್ನು ಷೆಡ್ಡಿನಲ್ಲಿಯೇ ಕಳೆಯುತ್ತವೆ. ಟೈರಿನ ಸಮಸ್ಯೆ ಹುಟ್ಟುವುದು ಅಲ್ಲಿಯೇ.

ನಾಲ್ಕು ಅಂಗೈಗಳ ಆಧಾರ

ಕಾರು ಎಷ್ಟೇ ದೊಡ್ಡದಿರಲಿ, ಅದರ ಒಂದೊಂದು ಟೈರು ರಸ್ತೆಯನ್ನು ಮುಟ್ಟುವುದು ಹೆಚ್ಚುಕಡಮೆ ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ವೇಗ, ತಿರುವು, ಬ್ರೇಕು ಎಲ್ಲವೂ ಆ ನಾಲ್ಕು ಅಂಗೈಗಳ ಮೂಲಕವೇ ನಡೆಯಬೇಕು. ಎಂಜಿನಿಗೆ ಎಷ್ಟು ಶಕ್ತಿಯಿದ್ದರೇನು, ಬ್ರೇಕು ಎಷ್ಟು ಬಿಗಿಯಿದ್ದರೇನು? ಟೈರು ಜಾರಿದರೆ ಎಲ್ಲವೂ ವ್ಯರ್ಥ.

ಗಾಳಿ ತುಂಬಿದ ಟೈರಿನ ಕಲ್ಪನೆಗೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಪೇಟೆಂಟು ಪಡೆದಿದ್ದನು. ಅದು ಮರೆತುಹೋದ ಮೇಲೆ, 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಅದನ್ನು ಹೊಸದಾಗಿ ರೂಪಿಸಿದನು. 1946ರಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪೆನಿಯು ‘ರೇಡಿಯಲ್’ ಟೈರಿಗೆ ಪೇಟೆಂಟು ಪಡೆಯಿತು. ಹಳೆಯ ಟೈರಿನೊಳಗಿನ ಎಳೆಗಳು ಓರೆಯಾಗಿ ಒಂದನ್ನೊಂದು ಕತ್ತರಿಸುತ್ತಿದ್ದವು. ರೇಡಿಯಲ್ ಟೈರಿನಲ್ಲಿ ಅವು ಅಂಚಿನಿಂದ ಅಂಚಿಗೆ ನೇರವಾಗಿ ಸಾಗುತ್ತವೆ, ಮೇಲೆ ಉಕ್ಕಿನ ಪಟ್ಟಿ ಬಿಗಿದಿರುತ್ತದೆ. ಈ ಎರಡು ಜಾತಿಗಳ ನಡತೆಯೇ ಬೇರೆ. ಒಂದೇ ಕಾರಿನಲ್ಲಿ ಅವನ್ನು ಬೆರೆಸುವುದು ಅಪಾಯಕ್ಕೆ ಆಹ್ವಾನ.

ಹೊಳಪಿಗೆ ಮೋಸಹೋಗಬಾರದು

ಹಳೆಯ ಕಾರನ್ನು ಮಾರುವವನು ಟೈರಿನ ಮೇಲ್ಮೈಯ ಉಬ್ಬುಗೀರುಗಳತ್ತ ಬೆರಳು ತೋರಿಸುತ್ತಾನೆ. ಅಂಗಡಿಯ ಭಾಷೆಯಲ್ಲಿ ಅದಕ್ಕೆ ‘ಬಟನ್ನು’ ಎಂದು ಹೆಸರು.

“ಬಟನ್ ನೋಡ್ರೀ, ಹೊಸಾದಿದ್ದಂಗ ಐತಿ!”

ಅನುಭವಿಯಾದ ಮೆಕ್ಯಾನಿಕ್ಕಿನ ಬುದ್ಧಿವಾದ ಬೇರೆ: “ತಮ್ಮಾ, ಬಟನ್ ಆಮೇಲೆ ನೋಡು. ಮೊದಲು ಅದು ಹುಟ್ಟಿದ ವರ್ಷ ನೋಡು.”

ಅವನ ಮಾತೇ ಸರಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಗುರುತೊಂದಿರುತ್ತದೆ. ‘2314’ ಎಂದಿದ್ದರೆ, 2014ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಮೂರೇ ಅಂಕಿಗಳಿದ್ದರೆ ಅದು 2000ಕ್ಕಿಂತ ಹಿಂದಿನದು. ಅದನ್ನು ಕೂಡಲೆ ಕಳಚಿ ಹಾಕುವುದೇ ಲೇಸು. ರಬ್ಬರು ಓಡಿದರೆ ಸವೆಯುತ್ತದೆ, ನಿಂತರೆ ಮುದಿಯಾಗುತ್ತದೆ. ಬಿಸಿಲು, ಶಾಖ, ಗಾಳಿಯಲ್ಲಿರುವ ಓಜೋನ್ ಇವು ಅದನ್ನು ಗಡುಸಾಗಿಸಿ, ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ಮೂಡಿಸುತ್ತವೆ. ಮೇಲೆ ಬಳಿದ ಕಪ್ಪು ಪಾಲಿಷು ಆ ಬಿರುಕುಗಳನ್ನು ಮರೆಸಬಲ್ಲದು, ಮುಚ್ಚಿ ಗುಣಪಡಿಸಲಾರದು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕೆಂದೂ, ಹತ್ತು ವರ್ಷವಾದುದನ್ನು ಹೇಗಿದ್ದರೂ ತೆಗೆಯಬೇಕೆಂದೂ ತಯಾರಕರು ಸಾಮಾನ್ಯವಾಗಿ ಸಲಹೆ ಕೊಡುತ್ತಾರೆ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ಇದೇ ನಿಯಮ.

ಬಟನ್ನಿನ ಆಳಕ್ಕೆ ಕಾನೂನಿನ ಕನಿಷ್ಠ ಮಿತಿ ಕಾರುಗಳಿಗೆ 1.6 ಮಿಲಿಮೀಟರು. ಆದರೆ 3 ಮಿಲಿಮೀಟರಿಗೆ ಇಳಿಯುವ ಹೊತ್ತಿಗೇ ಮಳೆನೀರನ್ನು ಹೊರದೂಡುವ ಶಕ್ತಿ ಬಹಳ ಕುಗ್ಗಿರುತ್ತದೆ.

ಅಂಕಿಗಳ ಭಾಷೆ

ಹೊಸ ಟೈರು ಕೊಳ್ಳಲು ಹೊರಟವನು ಮೊದಲು ಅದರ ಮೈಮೇಲಿನ ಬರಹವನ್ನು ಓದಲು ಕಲಿಯಬೇಕು. ‘155/80 ಆರ್ 13 79 ಟಿ’ ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 155 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ. 80 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡಾ 80. ‘ಆರ್’ ಎಂದರೆ ರೇಡಿಯಲ್. 13 ಎಂಬುದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. 79 ಎಂದರೆ ಟೈರೊಂದು 437 ಕಿಲೋಗ್ರಾಂ ಭಾರ ಹೊರಬಲ್ಲದು. ‘ಟಿ’ ಎಂದರೆ ಗಂಟೆಗೆ 190 ಕಿಲೋಮೀಟರು ವೇಗದ ಮಿತಿ. ಕೊನೆಯ ಎರಡು ಗುರುತುಗಳು ಕಾರಿನ ತಯಾರಕನು ವಿಧಿಸಿದ್ದಕ್ಕಿಂತ ಕೆಳಗಿಳಿಯಬಾರದು. ಅಷ್ಟು ವೇಗದಲ್ಲಿ ಓಡಿಸುವುದು ಬೇಡ; ಶಾಖವನ್ನು ತಡೆಯುವ ತಾಳಿಕೆ ಬೇಕು.

ಹಳೆಯ ಕಾರಿನ ಅಳತೆ ಇಂದಿನ ಅಂಗಡಿಯಲ್ಲಿ ಸಿಗದೆ ಹೋಗಬಹುದು. ಆಗ ಒಟ್ಟು ವ್ಯಾಸ ಕೆಡದಂತೆ ಬದಲಿಯನ್ನು ಹುಡುಕಬೇಕು. ಮೇಲಿನ ಟೈರಿನ ಪಕ್ಕೆಯ ಎತ್ತರ 124 ಮಿಲಿಮೀಟರು. ಅದರ ಎರಡರಷ್ಟಕ್ಕೆ 13 ಅಂಗುಲದ ರಿಮ್ಮನ್ನು ಕೂಡಿಸಿದರೆ ಒಟ್ಟು ವ್ಯಾಸ ಸುಮಾರು 578 ಮಿಲಿಮೀಟರು. 175/70 ಆರ್ 13ರ ವ್ಯಾಸ 575. ಇದು ಹತ್ತಿರದ ನೆಂಟ. 185/70 ಆರ್ 13ರ ವ್ಯಾಸವಾದರೋ 589. ಅದನ್ನು ಹಾಕಿದರೆ ವೇಗಸೂಚಿ 100 ತೋರಿಸುವಾಗ ಕಾರು ಮೊದಲಿಗಿಂತ 2 ಕಿಲೋಮೀಟರು ಹೆಚ್ಚು ಓಡುತ್ತಿರುತ್ತದೆ. ಚಕ್ರವನ್ನು ತಿರುಗಿಸಿದಾಗ ಮಡ್ಗಾರ್ಡಿನ ಒಳಗೆ ಟೈರು ಉಜ್ಜಲೂಬಹುದು.

ಅಗಲದ ಆಸೆ

ಸ್ಪೋರ್ಟ್ಸ್ ಕಾರು ಕೊಂಡ ತರುಣನಿಗೆ ಅಗಲವಾದ ಟೈರಿನ ಮೇಲೆ ಮೋಹ ಹುಟ್ಟುವುದು ಸ್ವಾಭಾವಿಕ. ಒಣ ರಸ್ತೆಯಲ್ಲಿ ಅದರಿಂದ ಸ್ವಲ್ಪ ಪ್ರಯೋಜನವೂ ಉಂಟು. ಆದರೆ ಹಗುರವಾದ ಕಾರಿಗೆ ಅತಿ ಅಗಲದ ಟೈರು ಹಾಕಿದರೆ ಸ್ಟೀರಿಂಗು ಭಾರವಾಗುತ್ತದೆ. ನಿಂತ ನೀರಿನ ಮೇಲೆ ವೇಗವಾಗಿ ಹೋದಾಗ ನೀರನ್ನು ಸೀಳದೆ ದೋಣಿಯಂತೆ ತೇಲುವ ಸಂಭವ ಹೆಚ್ಚುತ್ತದೆ. ಬಹು ತಗ್ಗಿದ ಪಕ್ಕೆಯಿದ್ದರೆ ರಸ್ತೆಯ ಗುಂಡಿಯ ಪೆಟ್ಟು ನೇರವಾಗಿ ರಿಮ್ಮಿಗೇ ತಗಲುತ್ತದೆ.

ಮೆತ್ತನೆಯ ರಬ್ಬರು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಡುಸಾದದ್ದು ಬಹುಕಾಲ ಬಾಳುತ್ತದೆ, ಮಳೆಯಲ್ಲಿ ಜಾರುತ್ತದೆ. ಹರಿಹರದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನೆಲೆಸಿರುವಂತೆ, ಒಳ್ಳೆಯ ಟೈರಿನಲ್ಲಿ ಈ ಎರಡು ಗುಣಗಳೂ ಹೊಂದಿಕೊಂಡಿರಬೇಕು. ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರು ಮಾತ್ರ ಓಡುವ ಕಾರಿನ ಟೈರು ಸವೆಯುವ ಮುನ್ನವೇ ಮುದಿಯಾಗುವುದರಿಂದ, ಅಂಥ ಕಾರಿಗೆ ಬಾಳಿಕೆಗಿಂತ ಹಿಡಿತಕ್ಕೆ ಪ್ರಾಶಸ್ತ್ಯ ಕೊಡುವುದೇ ಜಾಣತನ.

ಲೇತಿನ ಊರಿನ ಕಣ್ಣು

1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಇಂದು ಉಳಿದಿಲ್ಲ. ಆದರೆ ತಿರುಗುವ ವಸ್ತು ಎಳ್ಳಷ್ಟೂ ಓಲಾಡಬಾರದೆಂಬ ಲೇತ್ ಕೆಲಸಗಾರನ ಪಾಠ ಟೈರಿನ ವಿಷಯದಲ್ಲಿಯೂ ಸಲ್ಲುತ್ತದೆ. ಹೊಸ ಟೈರು ಹಾಕಿಸುವ ಮುನ್ನ ಚಕ್ರವನ್ನು ಎತ್ತಿ ತಿರುಗಿಸಿ, ರಿಮ್ಮಿನ ಅಂಚಿಗೆ ಸೀಮೆಸುಣ್ಣ ಹಿಡಿದರೆ ಸಾಕು. ಸೊಟ್ಟಗಾದ ಕಡೆ ಮಾತ್ರ ಗೆರೆ ಬೀಳುತ್ತದೆ. ಸೊಟ್ಟ ರಿಮ್ಮಿಗೆ ಹೊಸ ಟೈರು ಹಾಕಿಸುವುದು ದುಡ್ಡು ದಂಡ. ಎಂ. ಜಿ. ಬಿ.ಯಂಥ ಕಾರುಗಳ ತಂತಿಕಡ್ಡಿಯ ಚಕ್ರಗಳಿದ್ದರೆ ಒಳಗೆ ಟ್ಯೂಬನ್ನೂ ಹಾಕಿಸಲೇಬೇಕು. ಒಂದೇ ಅಚ್ಚಿನ ಎರಡು ಗಾಲಿಗಳಿಗೆ ಒಂದೇ ಬಗೆಯ ಜೋಡಿ ಇರಬೇಕು. ಕೊನೆಯಲ್ಲಿ ಬ್ಯಾಲೆನ್ಸಿಂಗು, ಅಲೈನ್‌ಮೆಂಟು ಮರೆಯಬಾರದು.

ಬಿಸಿಲೂ ಗಾಳಿಯೂ

ದಾವಣಗೆರೆಯ ಬೇಸಗೆಯ ಮಧ್ಯಾಹ್ನ ಹೆದ್ದಾರಿಯ ಡಾಂಬರು ಕಾದ ಹಂಚಿನಂತಾಗುತ್ತದೆ. ಬಿಸಿಲಿಗೆ ಟೈರು ಒಡೆದೀತೆಂದು ಹೆದರಿ ಗಾಳಿಯನ್ನು ಕಡಮೆ ಮಾಡಿಸುವವರುಂಟು. ಇದು ಪೂರ್ತಿ ತಲೆಕೆಳಗಾದ ಉಪಾಯ. ಗಾಳಿ ಕಡಮೆಯಾದ ಟೈರಿನ ಪಕ್ಕೆ ಸುತ್ತುಸುತ್ತಿಗೂ ಹೆಚ್ಚು ಮಡಿಸಿಕೊಳ್ಳುತ್ತದೆ, ಮಡಿಸಿದಷ್ಟೂ ಕಾಯುತ್ತದೆ, ಕಾದು ಕಾದು ಕಡೆಗೆ ಸಿಡಿಯುತ್ತದೆ. ಬೆಳಗಿನ ತಂಪಿನಲ್ಲಿ, ಕಾರು ಹೊರಡುವ ಮುನ್ನ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿಯನ್ನು ತುಂಬಿಸಬೇಕು. ಟೈರಿನ ಮೇಲೆ ಅಚ್ಚಾಗಿರುವ ಒತ್ತಡ ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಪ್ರಮಾಣವಲ್ಲ.

ಇಷ್ಟೆಲ್ಲ ಆದ ಮೇಲೂ ಮೊದಲ ಕೆಲವು ನೂರು ಕಿಲೋಮೀಟರು ಸಾವಧಾನ ಬೇಕು. ಹೊಸ ಟೈರಿನ ಮೇಲ್ಮೈಯ ನುಣುಪು ಹೋದ ಮೇಲೆಯೇ ಅದರ ಪೂರ್ಣ ಹಿಡಿತ ದೊರೆಯುವುದು. ಸುಗ್ಗಿಯಲ್ಲಿ ರಸ್ತೆಯ ಅಂಚಿಗೆ ಮೆಕ್ಕೆಜೋಳ ಒಣಹಾಕಿದ್ದರಂತೂ ಎಂಥ ಟೈರಾದರೂ ಕಾಳಿನ ಮೇಲೆ ಜಾರೀತು. ಅಲ್ಲಿ ಕಾಪಾಡುವುದು ಓಡಿಸುವವನ ವಿವೇಕವೊಂದೇ.

ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರುಗಳಷ್ಟೇ ದಾರಿ. ಆ ಕೆಂಪು ಕಾರು ಮತ್ತೆ ಪಿ. ಬಿ. ರಸ್ತೆಗೆ ಬಂದು ನಿಂತಾಗ ಜನ ಎಂದಿನಂತೆ ಬಣ್ಣವನ್ನೇ ಹೊಗಳಲಿ. ಮನೆಯಲ್ಲಿ ಅವನ ದಾರಿ ಕಾಯುವ ತಾಯಿಗೆ ಬಣ್ಣದ ಗೊಡವೆಯಿಲ್ಲ. ಮಗ ಕತ್ತಲಾಗುವ ಮೊದಲು ಮನೆ ಸೇರಿದರೆ ಅವಳಿಗೆ ಅಷ್ಟೇ ಸಾಕು. ಟೈರು ಕೊಳ್ಳಲು ಅಂಗಡಿಯ ಮೆಟ್ಟಿಲೇರುವ ಮಗನು ನೆನೆಯಬೇಕಾದುದೂ ಅದನ್ನೇ.